ರಾಮ್ಸೆಸನ ಬೆನ್ನೆಲುಬು: ವೈದ್ಯಕೀಯ ಚಿತ್ರದ ಸಾಕ್ಷ್ಯವನ್ನು ಕುರಿತು ಒಂದು ವಿಮರ್ಶೆ

ಶಿಲಾಶಾಸನವನ್ನೂ ತಾಮ್ರಪಟವನ್ನೂ ಎಷ್ಟು ನಿಷ್ಠುರವಾಗಿ ಪರೀಕ್ಷಿಸುವೆವೋ ಅಷ್ಟೇ ನಿಷ್ಠುರವಾಗಿ ವೈದ್ಯಕೀಯ ಚಿತ್ರವನ್ನೂ ಇತಿಹಾಸಕಾರನು ಪರೀಕ್ಷಿಸಬೇಕೆಂಬುದು ಈ ಲೇಖನದ ಪ್ರತಿಪಾದನೆ. ಇದಕ್ಕೆ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ನಿದರ್ಶನವೊಂದೇ ಸಾಕು.

ಕ್ರಿ.ಪೂ. 1279ರಿಂದ 1213ರವರೆಗೆ ಆಳಿದ ಈ ದೊರೆಯ ಮಮ್ಮಿಯನ್ನು ಬೂಷ್ಟಿನ ಬಾಧೆಯಿಂದ ಕಾಪಾಡುವುದಕ್ಕಾಗಿ 1976ರಲ್ಲಿ ಪ್ಯಾರಿಸಿಗೆ ಒಯ್ಯಲಾಯಿತು. ಕ್ಷ-ಕಿರಣ ಚಿತ್ರಗಳಲ್ಲಿ ಒಂದಕ್ಕೊಂದು ಬೆಸೆದ ಕಶೇರುಗಳನ್ನು ಕಂಡು, ಅವನಿಗೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ರೋಗವಿದ್ದಿತೆಂದು ಕೆಲವು ವಿದ್ವಾಂಸರು ನಿರ್ಣಯಿಸಿದರು. ಈ ರೋಗವು ಸಾಮಾನ್ಯವಾಗಿ ತಾರುಣ್ಯದಲ್ಲಿಯೇ ತಲೆದೋರತಕ್ಕದ್ದು. ಆದುದರಿಂದ ಈ ನಿರ್ಣಯವನ್ನು ಒಪ್ಪಿದರೆ, ಕಾದೇಶದ ರಣರಂಗದಲ್ಲಿ ರಥವೇರಿ ನಿಂತ ದೊರೆಯು ಆಗಲೇ ರೋಗಪೀಡಿತನಾಗಿದ್ದನೇ ಎಂಬ ಪ್ರಶ್ನೆ ಏಳುತ್ತದೆ. ಹಳೆಯ ಗ್ರಂಥವೊಂದನ್ನು ನಂಬಿ ನಾನೂ ತರಗತಿಯಲ್ಲಿ ಹೀಗೆಯೇ ಬೋಧಿಸಿದ್ದುಂಟು.

ಕಶೇರುಗಳ ಮುಂಭಾಗದಲ್ಲಿ ಉದ್ದಕ್ಕೂ ಒಂದು ಅಸ್ಥಿರಜ್ಜುವು ಹಬ್ಬಿದೆ. ಅದು ಮೃದುವಾಗಿರುವಾಗ ಕ್ಷ-ಕಿರಣಕ್ಕೆ ಹೆಚ್ಚುಕಡಮೆ ಅಗೋಚರ. ಎಲುಬಾಗಿ ಗಟ್ಟಿಯಾದಾಗಲೇ ಸ್ಪಷ್ಟವಾಗಿ ಕಾಣುವುದು. ಮುಪ್ಪಿನಲ್ಲಿ ಈ ರಜ್ಜುವು ಎಲುಬಾಗುವ ಬೇರೊಂದು ವಿಕಾರವನ್ನು ಫಾರೆಸ್ಟಿಯೆ ಮತ್ತು ರೋಟೆಸ್-ಕೆರೋಲ್ 1950ರಲ್ಲಿ ವಿವರಿಸಿದರು. ಉರಿಯೂತದ ರೋಗದಲ್ಲಿ ಕಶೇರುಗಳ ನಡುವೆ ತೆಳುವಾದ ಎಲುಬಿನ ಸೇತುವೆಗಳು ಮೂಡುತ್ತವೆ. ತ್ರಿಕಾಸ್ಥಿ ಸೊಂಟದೆಲುಬನ್ನು ಸೇರುವ ಕೀಲೂ ಸವೆದು ಬೆಸೆಯುತ್ತದೆ. ಮುಪ್ಪಿನ ವಿಕಾರದಲ್ಲಾದರೋ ಕರಗಿದ ಮೇಣ ಹರಿದು ಹೆಪ್ಪುಗಟ್ಟಿದಂತೆ ದಪ್ಪನೆಯ ಎಲುಬು ಬೆಳೆಯುತ್ತದೆ. ಆ ಕೀಲಿಗೆ ಅಂತಹ ಹಾನಿಯಿಲ್ಲ.

ಕ್ಷ-ಕಿರಣ ಚಿತ್ರವು ದೇಹದ ಆಳವನ್ನೆಲ್ಲ ಒಂದೇ ಹಾಳೆಯ ಮೇಲೆ ಮಡಿಸಿಡುತ್ತದೆ. ಎಲುಬಿನ ಮೇಲೆ ಎಲುಬು ಬಿದ್ದು ಕೀಲಿನ ನಿಜಸ್ಥಿತಿ ಮರೆಯಾಗಬಹುದು. 1971ರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಯಂತ್ರವು ಈ ತೊಡಕನ್ನು ನೀಗಿತು. ದೇಹವನ್ನು ಬಿಲ್ಲೆಬಿಲ್ಲೆಯಾಗಿ ತೋರಿಸಿ ಮಿಲಿಮೀಟರಿನ ಅಳತೆಗೆ ಅವಕಾಶವಿತ್ತಿತು. ರಾಮ್ಸೆಸನ ರೋಗನಿರ್ಣಯದ ಬಗ್ಗೆ 2004ರಲ್ಲಿ ಸಂಶಯಗಳು ಪ್ರಕಟವಾದವು. 2014ರಲ್ಲಿ ಸಹರ್ ಸಲೀಂ ಮತ್ತು ಜಾಹಿ ಹವಾಸ್ ಹದಿಮೂರು ರಾಜಮಮ್ಮಿಗಳ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿ, ಉರಿಯೂತದ ರೋಗವನ್ನು ತಳ್ಳಿಹಾಕಿದರು. ರಾಮ್ಸೆಸನೂ ಸೇರಿ ನಾಲ್ವರಲ್ಲಿ ಮುಪ್ಪಿನ ವಿಕಾರವನ್ನೇ ಗುರುತಿಸಿದರು. ಕೀಲಿನ ಸಾಕ್ಷ್ಯ ಪ್ರಬಲವಾಗಿರುವುದರಿಂದ ಈ ತೀರ್ಮಾನವನ್ನು ಒಪ್ಪತಕ್ಕದ್ದೇ ಸರಿ.

ಆದರೂ ಹೊಸ ಸಾಕ್ಷ್ಯಕ್ಕೂ ಮೇರೆಯುಂಟು. ಸತತವಾಗಿ ನಾಲ್ಕು ಕಶೇರುಗಳಾದರೂ ಬೆಸೆದಿರಬೇಕೆಂಬ ನಿಯಮವನ್ನು ರೆಸ್ನಿಕ್ ಮತ್ತು ನಿವಾಯಾಮಾ 1976ರಲ್ಲಿ ರೂಪಿಸಿದರು. ನಾಲ್ಕೆಂಬುದು ವಿದ್ವಾಂಸರ ಒಡಂಬಡಿಕೆಯೇ ಹೊರತು ಪ್ರಕೃತಿಯ ಗೆರೆಯಲ್ಲ. ಮೂರೇ ಬೆಸೆದಿದ್ದರೆ ರೋಗವಿಲ್ಲವೆಂದು ಹೇಳಲಾದೀತೇ? ಎರಡನೆಯದಾಗಿ, ರಜ್ಜುವಿನ ದಪ್ಪ ಕೆಲವೇ ಮಿಲಿಮೀಟರು. ಚಿತ್ರದ ಬಿಲ್ಲೆಯೂ ಅಷ್ಟೇ ದಪ್ಪವಾಗಿದ್ದರೆ ಎಲುಬೂ ಅದರ ನೆರೆಯ ಅಂಗಾಂಶವೂ ಬೆರೆತು ಅಂಚು ಮಸುಕಾಗುತ್ತದೆ. ಆಗ ದೊರೆಯುವ ಅಂಕಿಯಲ್ಲಿ ಯಂತ್ರದ ಪಾಲೂ ಇರುತ್ತದೆ. ಮೂರನೆಯದಾಗಿ, ಮಮ್ಮಿಯ ದೇಹವನ್ನು ಉಪ್ಪುಕ್ಷಾರದಲ್ಲಿ ಒಣಗಿಸಲಾಗಿದೆ. ಮೃದುವಾಗಿ ಉಳಿದ ರಜ್ಜುವು ಒಣಗಿ ಕುಗ್ಗಿರುವುದರಿಂದ, ಅದರ ಅಳತೆಯನ್ನು ಬದುಕಿರುವವರ ಅಳತೆಯೊಡನೆ ಹೋಲಿಸುವುದು ಸಲ್ಲದು.

ಮಧುಮೇಹಿಗಳಲ್ಲಿ ಈ ವಿಕಾರವು ಹೆಚ್ಚಾಗಿ ಕಾಣುವುದೆಂಬುದು ನಿಜ. ಅಷ್ಟರಿಂದಲೇ ರಾಮ್ಸೆಸನಿಗೆ ಮಧುಮೇಹವಿದ್ದಿತೆಂದೋ, ಅರಮನೆಯ ಭೋಜನವೇ ಅದಕ್ಕೆ ಕಾರಣವೆಂದೋ ಬರೆಯಹೊರಟರೆ ಮೊದಲಿನ ತಪ್ಪನ್ನೇ ಬೇರೆ ಹೆಸರಿನಿಂದ ಮಾಡಿದಂತಾಗುವುದು.

ಶಾಸನದ ಪಡಿಯಚ್ಚಿನಲ್ಲಿ ಅಕ್ಷರ ಸಂದಿಗ್ಧವಾದಾಗ ನಾವು ಮತ್ತೆ ಕಲ್ಲಿನ ಬಳಿಗೆ ಹೋಗುತ್ತೇವೆ. ಕಲ್ಲೂ ಸವೆದಿದ್ದರೆ ಆ ಸ್ಥಳವನ್ನು ತೆರವಾಗಿ ಬಿಡುತ್ತೇವೆ. ಇಲ್ಲಿಯೂ ಅದೇ ಕ್ರಮ ಉಚಿತ. ದೊರೆಯು ಬಹುಕಾಲ ಬಾಳಿದನು, ಅವನ ಬೆನ್ನು ಬಿಗಿದಿದ್ದಿತು. ವಿದ್ಯಾರ್ಥಿಗಳಿಗೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಉಳಿದುದನ್ನು ತೆರವಾಗಿಯೇ ಬಿಡುವುದು ಲೇಸು.