ಸಂತ ಲಾರೆನ್ಸನ ಮರಣಕಥನ: ಒಂದು ವಿಮರ್ಶೆ

ರೋಮಿನ ಇಗರ್ಜಿಯಲ್ಲಿ ಡೀಕನ್ ಪದವಿಯಲ್ಲಿದ್ದ ಲಾರೆನ್ಸನು ಕ್ರಿ.ಶ. 258ರಲ್ಲಿ ಕಾದ ಕಬ್ಬಿಣದ ಜಾಲರಿಯ ಮೇಲೆ ಬೆಂದು ಮಡಿದನೆಂಬುದು ಪ್ರಸಿದ್ಧವಾದ ಕಥೆ. ಸುಮಾರು 400ರಲ್ಲಿ ಅದನ್ನು ವಿಸ್ತರಿಸಿ ಹಾಡಿದ ಕವಿ ಪ್ರುಡೆನ್ಷಿಯಸನ ಕಾವ್ಯದಲ್ಲಿ ಸಂತನು, ಬೆಂದ ಮಗ್ಗುಲನ್ನು ಮಗುಚಿರೆಂದು ಪರಿಹಾಸ ಮಾಡುತ್ತಾನೆ. ಆದರೆ ಚಕ್ರವರ್ತಿ ವಲೇರಿಯನನ ಆಜ್ಞೆಯು ಧರ್ಮಾಧಿಕಾರಿಗಳನ್ನು ಒಡನೆಯೇ ವಧಿಸಬೇಕೆಂದು ವಿಧಿಸಿತ್ತೆಂದು ಸಮಕಾಲೀನನಾದ ಬಿಷಪ್ ಸಿಪ್ರಿಯನನ ಪತ್ರದಿಂದ ತಿಳಿಯುತ್ತದೆ. ಇಂತಹ ಆಜ್ಞೆಯಡಿಯಲ್ಲಿ ದೀರ್ಘವಾದ ಚಿತ್ರಹಿಂಸೆ ನಡೆದಿರುವುದು ಸಂಭವನೀಯವೆಂದು ನಮಗೆ ತೋರದು. 354ರ ರೋಮನ್ ಪಂಚಾಂಗದಲ್ಲಿ ಆತನ ಸ್ಮರಣದಿನವೂ ಸಮಾಧಿಸ್ಥಳವೂ ಉಂಟು, ಜಾಲರಿಯ ಮಾತಿಲ್ಲ. ರೋಮಿನ ಲೂಚಿನಾ ಇಗರ್ಜಿಯಲ್ಲಿ ಆ ಜಾಲರಿಯೆಂದೇ ರಕ್ಷಿಸಿರುವ ಕಬ್ಬಿಣವು ಭಕ್ತಿಗೆ ಸಾಕ್ಷಿಯೇ ಹೊರತು ಘಟನೆಗಲ್ಲ. ಹಾಗೆಂದು ಕಥೆಯೊಡನೆ ಮರಣವನ್ನೂ ತಳ್ಳಿಹಾಕುವುದು ಅವಿವೇಕ. ಕೊಂದ ರೀತಿ ಸಂದಿಗ್ಧವಾದರೂ, ನಂಬಿಕೆಗಾಗಿ ಒಬ್ಬ ಮನುಷ್ಯನನ್ನು ಕೊಂದುದು ನಿಶ್ಚಿತವೆಂದೇ ನಮ್ಮ ಅಭಿಪ್ರಾಯ.