ಗೋಡೆಯ ಮುಂದಿನ ಮೇಜು

ಅಮೆರಿಕದ ಹರ್ಮನ್ ಮೆಲ್‌ವಿಲ್ 1853ರಲ್ಲಿ ಪ್ರಕಟಿಸಿದ ‘ಬಾರ್ಟಲ್‌ಬಿ’ ಕಥೆಯನ್ನು ಗುಮಾಸ್ತರಾದ ನಾವು ತಡವಾಗಿ ಓದಿದೆವು. ನ್ಯೂಯಾರ್ಕಿನ ವಕೀಲನೊಬ್ಬನ ಕಚೇರಿಯಲ್ಲಿ ನಕಲು ಬರೆಯುವ ಯುವಕ. ಮೊದಮೊದಲು ಹಗಲಿರುಳೂ ಬರೆದವನು, ಒಂದು ದಿನ ಹೇಳಿದ ಕೆಲಸವನ್ನು ವಿನಯದಿಂದಲೇ ಒಲ್ಲೆನೆನ್ನುತ್ತಾನೆ. ಕ್ರಮೇಣ ಬರೆಯುವುದನ್ನೇ ಬಿಡುತ್ತಾನೆ.

ಇದನ್ನು ಮೊಂಡನ ಕಥೆಯೆಂದು ನಗುತ್ತ ಓದುವವರುಂಟು. ನಮಗೆ ನಗು ಬರಲಿಲ್ಲ. ಕಿಟಕಿಯಾಚೆ ಮೂರೇ ಅಡಿಗೆ ಗೋಡೆ, ಊಟಕ್ಕೆ ಶುಂಠಿ ಬಿಸ್ಕತ್ತು, ಭಾನುವಾರವೂ ಕಚೇರಿಯೇ ಮನೆ. ಇಂದು ಇದನ್ನು ಖಿನ್ನತೆಯೆನ್ನುತ್ತೇವೆ. ನಮ್ಮ ಸೆಕ್ಷನ್ನಿನಲ್ಲಿ ಹೀಗೆಯೇ ಮೌನವಾದವರೊಬ್ಬರಿಗೆ ಮೆಮೊ ಹೋಯಿತು, ನಾವೂ ಸುಮ್ಮನಿದ್ದೆವು.

ಯಜಮಾನ ಕಟುಕನಲ್ಲ, ಅದೇ ಕಥೆಯ ಹೆಚ್ಚುಗಾರಿಕೆ. ಬಯಲಲ್ಲಿ ವ್ಯಾಯಾಮ ಮಾಡೆನ್ನುತ್ತಾನೆ, ಹೆಚ್ಚಿಗೆ ಹಣ ಕೊಡಹೋಗುತ್ತಾನೆ, ಮನೆಗೂ ಕರೆಯುತ್ತಾನೆ. ಮೇಜನ್ನು ಆ ಗೋಡೆಯೆದುರಿನಿಂದ ಸರಿಸುವ ಯೋಚನೆ ಮಾತ್ರ ಬರುವುದಿಲ್ಲ. ರೋಗ ಒಳಗಿನದು, ವಾಸಿಯಾಗದು ಎಂದುಕೊಂಡೊಡನೆ ಕನಿಕರ ಅಸಹ್ಯಕ್ಕೆ ತಿರುಗುತ್ತದೆ. ಕಡೆಗೆ ಗುಮಾಸ್ತನನ್ನು ಹೊರಡಿಸಲಾರದೆ ಕಚೇರಿಯನ್ನೇ ಬೇರೆಡೆಗೆ ಒಯ್ಯುತ್ತಾನೆ! ಬಾರ್ಟಲ್‌ಬಿ ಸೆರೆಮನೆಯಲ್ಲಿ ಅನ್ನ ಮುಟ್ಟದೆ ಸಾಯುತ್ತಾನೆ.

ಕೊನೆಯಲ್ಲಿ ವಕೀಲ ಒಂದು ವದಂತಿ ಸೇರಿಸುತ್ತಾನೆ: ಇವನು ಹಿಂದೆ ವಾಷಿಂಗ್ಟನ್ನಿನಲ್ಲಿ, ವಿಳಾಸದಾರರಿಗೆ ತಲುಪದ ಪತ್ರಗಳ ಕಚೇರಿಯಲ್ಲಿದ್ದನಂತೆ, ಆಡಳಿತ ಬದಲಾದಾಗ ಕೆಲಸ ಹೋಯಿತಂತೆ. ದುಃಖದ ಮೂಲ ಅಲ್ಲಿರಬೇಕೆಂದು ಅವನ ಊಹೆ. ತನ್ನ ಕಚೇರಿಯ ಗೋಡೆಯ ಮಾತನ್ನು ಅಲ್ಲಿಯೂ ಎತ್ತುವುದಿಲ್ಲ.