ಸುಳ್ಳು ಹೇಳುವವರಾರು, ಹೇಳಿಸುವವರಾರು?

ಚನ್ನಗಿರಿಯ ಚಹದಂಗಡಿಗಳಲ್ಲಿ, ಅಡಿಕೆ ಮಂಡಿಯ ಜಗಲಿಯಲ್ಲಿ, ಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಈಚೆಗೆ ಒಂದು ಮಾತು ಓಡಾಡುತ್ತಿದೆ. ‘ಸಾಬರ ಧರ್ಮದಾಗೆ ಸುಳ್ಳು ಹೇಳಾಕೆ ಅಪ್ಪಣೆನೇ ಐತಂತೆ, ಅವರನ್ನ ನಂಬಬ್ಯಾಡ್ರಪ್ಪ’ ಎಂಬ ಮಾತು. ಹೇಳುವವನು ಕುರಾನ್ ಓದಿದವನಲ್ಲ, ಹದೀಸ್ ಕಂಡವನಲ್ಲ. ಮೊಬೈಲಿಗೆ ಬಂದ ನಾಲ್ಕು ಸಾಲು, ಅದರಲ್ಲೊಂದು ‘ತಕಿಯಾ’ ಎಂಬ ಅರಬ್ಬಿ ಪದ, ಇಷ್ಟೇ ಅವನ ಬಂಡವಾಳ. ಆದರೆ ಈ ಬಂಡವಾಳದ ಲಾಭ ದೊಡ್ಡದು. ಒಂದು ಇಡೀ ಸಮುದಾಯದ ಮಾತನ್ನೇ ಸಾಕ್ಷಿಕಟ್ಟೆಯಿಂದ ಕೆಳಗಿಳಿಸಿಬಿಡಬಹುದು. ಅವನು ಹೌದೆಂದರೂ ಸುಳ್ಳು, ಅಲ್ಲವೆಂದರೂ ಸುಳ್ಳು. ಹೊಲಗೇರಿಯಿಂದ ಬಂದ ನಮಗೆ ಈ ವಿದ್ಯೆ ಹೊಸದಲ್ಲ. ನಮ್ಮ ಹಿರಿಯರ ಮಾತನ್ನು ಊರ ಪಂಚಾಯ್ತಿ ಮಾತೆಂದೇ ಲೆಕ್ಕಕ್ಕೆ ಹಿಡಿಯದ ಕಾಲವನ್ನು ಉಂಡು ಬಂದವರು ನಾವು. ಆದ್ದರಿಂದಲೇ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಿದ್ದೇವೆ. ಇಸ್ಲಾಮಿನಲ್ಲಿ ಸುಳ್ಳಿಗೆ ಸಮರ್ಥನೆ ಉಂಟೇ? ಉಂಟಾದರೆ ಅದು ಯಾರಿಗೆ, ಯಾವಾಗ? ನಮ್ಮ ಕನ್ನಡದ ಕೃತಿಗಳು ಈ ಬಗ್ಗೆ ಏನನ್ನು ಕಂಡಿವೆ?

ಮೊದಲು ಬುನಾದಿಯನ್ನು ನೋಡೋಣ. ಪ್ರವಾದಿಯಾಗುವ ಮುಂಚೆಯೇ ಮಹಮ್ಮದರಿಗೆ ಮೆಕ್ಕಾದ ಜನ ಕೊಟ್ಟ ಹೆಸರು ಅಲ್ ಅಮೀನ್, ಅಂದರೆ ನಂಬಿಕಸ್ತ. ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ತಪ್ಪುವುದು, ನಂಬಿ ಕೊಟ್ಟಿದ್ದನ್ನು ನುಂಗುವುದು, ಇವು ಕಪಟಿಯ ಗುರುತುಗಳೆಂದು ಹದೀಸ್ ಹೇಳುತ್ತದೆ. ಕೂಸನ್ನು ‘ಬಾ, ಏನೋ ಕೊಡ್ತೀನಿ’ ಅಂತ ಕರೆದ ತಾಯಿಗೆ, ನೀನು ಏನೂ ಕೊಡದೆ ಹೋಗಿದ್ದರೆ ಅದೂ ನಿನ್ನ ಲೆಕ್ಕದಲ್ಲಿ ಒಂದು ಸುಳ್ಳಾಗುತ್ತಿತ್ತು ಎಂದು ಪ್ರವಾದಿ ಎಚ್ಚರಿಸಿದ್ದುಂಟು. ಕಿವಿಗೆ ಬಿದ್ದಿದ್ದನ್ನೆಲ್ಲ ದಾಟಿಸುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನೆನ್ನಲು ಸಾಕು ಎಂಬ ಅರ್ಥದ ಇನ್ನೊಂದು ಹದೀಸೂ ಇದೆ. ಮೊಬೈಲಿನ ನಾಲ್ಕು ಸಾಲನ್ನು ಊರೆಲ್ಲ ಹಂಚುವವರು ಇದನ್ನು ಕೇಳಿಸಿಕೊಳ್ಳಬೇಕು. ಕುರಾನಿನ ನಾಲ್ಕನೆಯ ಅಧ್ಯಾಯದ 135ನೆಯ ವಚನವಂತೂ ಸಾಕ್ಷಿ ನುಡಿಯುವಾಗ ತನ್ನ ವಿರುದ್ಧ, ತಾಯ್ತಂದೆಯ ವಿರುದ್ಧ, ಬಂಧುಗಳ ವಿರುದ್ಧ ಹೋದರೂ ನ್ಯಾಯದ ಪರ ನಿಲ್ಲಬೇಕೆನ್ನುತ್ತದೆ. ಎದುರಿಗಿರುವವನು ಬಡವನೋ ಬಲ್ಲಿದನೋ ಎಂದು ನೋಡುವ ಹಾಗಿಲ್ಲ.

ಹಾಗಾದರೆ ವಿನಾಯಿತಿ? ಉಂಟು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಉಮ್ಮು ಕುಲ್ಸೂಮ್ ಎಂಬ ಮಹಿಳೆ ವರದಿ ಮಾಡಿದ ಹದೀಸಿನ ಪ್ರಕಾರ, ಜಗಳವಾಡಿದವರ ನಡುವೆ ರಾಜಿ ಮಾಡಿಸಲು ಒಳ್ಳೆಯ ಮಾತನ್ನು ಸೇರಿಸಿ ಹೇಳುವವನು ಸುಳ್ಳುಗಾರನಲ್ಲ. ಯುದ್ಧದ ಸಮಯ, ರಾಜಿ ಪಂಚಾಯ್ತಿ, ಗಂಡಹೆಂಡಿರ ನಡುವಿನ ಮಾತು, ಈ ಮೂರು ಕಡೆ ಸಡಿಲಿಕೆ ಇದೆಯೆಂದು ಪರಂಪರೆ ಹೇಳುತ್ತದೆ. ಈ ಸಡಿಲಿಕೆಯ ಮೇಲೂ ವಿದ್ವಾಂಸರು ಜಗಳವಾಡಿದ್ದಾರೆ. ಇಲ್ಲಿಯೂ ನೇರ ಸುಳ್ಳು ಸಲ್ಲದು, ಎರಡರ್ಥದ ಮಾತಾಡಿ ತಪ್ಪಿಸಿಕೊಳ್ಳಬಹುದಷ್ಟೆ ಎಂದವರಿದ್ದಾರೆ. 1111ರಲ್ಲಿ ತೀರಿಕೊಂಡ ಗಜಾಲಿ ಇದನ್ನು ಒಂದು ತಕ್ಕಡಿಯಲ್ಲಿಟ್ಟು ತೂಗಿದ. ಮಾತು ಒಂದು ಸಾಧನ. ಒಳ್ಳೆಯ ಗುರಿಯನ್ನು ಸತ್ಯದಿಂದಲೂ ಸುಳ್ಳಿನಿಂದಲೂ ಮುಟ್ಟಬಹುದಾದರೆ ಅಲ್ಲಿ ಸುಳ್ಳು ನಿಷಿದ್ಧ. ಸುಳ್ಳಿನಿಂದ ಮಾತ್ರ ಮುಟ್ಟಬಹುದಾದರೆ, ಗುರಿಯ ತೂಕವೇ ಸುಳ್ಳಿನ ತೂಕ. ಜುಲುಮೆಗಾರನ ಕೈಯಿಂದ ತಪ್ಪಿಸಿಕೊಂಡು ಅಡಗಿದವನ ಪ್ರಾಣ ಉಳಿಸಲು ಬೇರೆ ದಾರಿಯಿಲ್ಲದಿದ್ದರೆ ಸುಳ್ಳು ಹೇಳುವುದು ಕರ್ತವ್ಯವೇ ಆಗುತ್ತದೆ.

ಇದನ್ನು ಕೇಳಿ ಹುಬ್ಬು ಹಾರಿಸುವವರಿಗೆ ನಮ್ಮ ಊರಿನದೇ ಒಂದು ಕಥೆ ನೆನಪಿಸಬೇಕು. ಚನ್ನಗಿರಿಗೆ ಕೆಳದಿಯ ರಾಣಿ ಚೆನ್ನಮ್ಮನಿಂದಲೇ ಈ ಹೆಸರು ಬಂತೆಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. 1689ರಲ್ಲಿ ಸಂಭಾಜಿಯನ್ನು ಕೊಂದ ಔರಂಗಜೇಬನ ಸೈನ್ಯ ಅವನ ತಮ್ಮ ರಾಜಾರಾಮನ ಬೆನ್ನು ಹತ್ತಿದಾಗ, ಜಿಂಜಿಯ ಕಡೆ ಓಡುತ್ತಿದ್ದ ಅವನಿಗೆ ಚೆನ್ನಮ್ಮ ಆಶ್ರಯ ಕೊಟ್ಟಳು. ಕೇಳಿಕಳಿಸಿದ ಬಾದಶಹನಿಗೆ, ಅವನು ನಮ್ಮ ಸೀಮೆಯಲ್ಲಿ ಇಲ್ಲವೆಂದು ಹೇಳಿ, ಅವನನ್ನು ಸುರಕ್ಷಿತವಾಗಿ ದಾಟಿಸಿದಳೆಂದು ಕಥನಗಳು ಹೇಳುತ್ತವೆ. ಶಾಲೆಯ ಮಕ್ಕಳಿಗೆ ಇದನ್ನು ಶೌರ್ಯವೆಂದು ಪಾಠ ಮಾಡುತ್ತೇವೆ. ಸುಳ್ಳಿಗಾತಿ ಎಂದು ಯಾರೂ ಅನ್ನಲಿಲ್ಲ, ಅನ್ನಬಾರದು ಕೂಡ. ಆದರೆ ಚೆನ್ನಮ್ಮ ಮಾಡಿದ್ದೂ ಗಜಾಲಿ ಬರೆದದ್ದೂ ಒಂದೇ. ಔರಂಗಜೇಬ ನಂಬಿದ ಧರ್ಮದ ಗ್ರಂಥವೇ ಔರಂಗಜೇಬನ ವಿರುದ್ಧ ಚೆನ್ನಮ್ಮನ ಪರ ನಿಲ್ಲುತ್ತದೆ. ರಾಣಿ ಮಾಡಿದರೆ ಶರಣಾಗತ ರಕ್ಷಣೆ, ಸಾಬರ ಪುಸ್ತಕದಲ್ಲಿದ್ದರೆ ಮೋಸ ಎನ್ನುವುದು ಯಾವ ಸೀಮೆಯ ನ್ಯಾಯ?

ಇನ್ನು ತಕಿಯಾ ಎಂಬ ಪದದ ಮೂಲಕ್ಕೆ ಹೋಗೋಣ. ಕುರಾನಿನ ಹದಿನಾರನೆಯ ಅಧ್ಯಾಯದ 106ನೆಯ ವಚನ ಇದಕ್ಕೆ ಮುಖ್ಯ ಆಧಾರ. ಅದರ ಹಿನ್ನೆಲೆಯಾಗಿ ಹೇಳುವ ಕಥೆ ಅಮ್ಮಾರ್ ಬಿನ್ ಯಾಸಿರ್‌ನದು. ಅವನ ತಾಯಿ ಸುಮಯ್ಯಾ ಮೆಕ್ಕಾದ ಒಬ್ಬ ದಾಸಿ. ಕುಲದ ಬೆಂಬಲವಿಲ್ಲದ, ಕೇಳುವವರಿಲ್ಲದ ಸಂಸಾರ. ಹೊಸ ಧರ್ಮ ಸೇರಿದ್ದಕ್ಕೆ ಒಡೆಯರು ಅವರನ್ನು ಸುಡುವ ಮರಳಲ್ಲಿ ಹಿಂಸಿಸಿದರು. ಸುಮಯ್ಯಾಳನ್ನು ಈಟಿಯಿಂದ ತಿವಿದು ಕೊಂದರು. ಹಿಂಸೆ ತಾಳಲಾರದೆ ಮಗ ಅಮ್ಮಾರ್ ಅವರು ಹೇಳಿಸಿದ್ದನ್ನೆಲ್ಲ ಹೇಳಿದ, ತನ್ನ ನಂಬಿಕೆಯನ್ನೇ ನಿರಾಕರಿಸಿದ. ಆಮೇಲೆ ಅಳುತ್ತ ಪ್ರವಾದಿಯ ಬಳಿ ಬಂದ. ನಿನ್ನ ಮನಸ್ಸು ಹೇಗಿದೆ ಎಂದು ಅವರು ಕೇಳಿದರು. ಅದು ನಂಬಿಕೆಯಲ್ಲೇ ನೆಲೆ ನಿಂತಿದೆ ಎಂದ. ಮತ್ತೆ ಹಿಂಸಿಸಿದರೆ ಮತ್ತೆ ಹಾಗೆಯೇ ಹೇಳು ಎಂದರಂತೆ. ಅಂದರೆ ಈ ವಿನಾಯಿತಿ ಹುಟ್ಟಿದ್ದು ಅರಮನೆಯಲ್ಲಲ್ಲ, ವ್ಯಾಪಾರಿಯ ಗದ್ದುಗೆಯಲ್ಲಲ್ಲ. ಅದು ದಾಸಿಯ ಮಗನ ಬೆಂದ ಬೆನ್ನಿನ ಮೇಲೆ ಹುಟ್ಟಿತು. ಮುಂದೆ ಅದನ್ನು ಹೆಚ್ಚಾಗಿ ಆಶ್ರಯಿಸಿದವರು ಶಿಯಾಗಳು, ಅದೂ ಸುನ್ನಿ ದೊರೆಗಳಡಿ ಅಲ್ಪಸಂಖ್ಯಾತರಾಗಿ ಜೀವ ಉಳಿಸಿಕೊಳ್ಳಬೇಕಾದಾಗ. ಪರಧರ್ಮದವರಿಗೆ ಮೋಸ ಮಾಡಲೆಂದು ಹೊಸೆದ ಹಗ್ಗ ಇದಲ್ಲ.

ಅದೇ ಕಾಲದಲ್ಲಿ ಅದೇ ಬಿಸಿಲಲ್ಲಿ ಹಬ್ಶಿ ಗುಲಾಮ ಬಿಲಾಲನೂ ಇದ್ದ. ಎದೆಯ ಮೇಲೆ ಬಂಡೆ ಹೇರಿದರೂ ಅವನು ದೇವರೊಬ್ಬನೇ ಎಂಬ ಮಾತನ್ನು ಬಿಡಲಿಲ್ಲ. ಬಿಲಾಲನ ದಾರಿ ದೊಡ್ಡದೆಂದು ಧರ್ಮಶಾಸ್ತ್ರಜ್ಞರು ಒಪ್ಪುತ್ತಾರೆ. ಆದರೆ ಬಿಲಾಲನನ್ನು ಬಡಿಗೆ ಮಾಡಿಕೊಂಡು ಅಮ್ಮಾರನನ್ನು ಹೊಡೆಯಲಿಲ್ಲ. ಇಬ್ಬರಿಗೂ ಗೌರವದ ಜಾಗ ಸಿಕ್ಕಿತು. ಚಳವಳಿಗಾರರಾದ ನಾವು ಇದನ್ನು ಕಲಿಯಬೇಕಿದೆ. ತುಳಿತಕ್ಕೆ ಸಿಕ್ಕ ಪ್ರತಿಯೊಬ್ಬನೂ ವೀರನಾಗಲೇಬೇಕೆಂದು ದೂರ ನಿಂತು ಅಪ್ಪಣೆ ಕೊಡಿಸುವುದೂ ಒಂದು ಬಗೆಯ ದರ್ಪವೇ.

ಈಗ ನಮ್ಮ ಕಾವ್ಯಪರಂಪರೆಯತ್ತ ತಿರುಗೋಣ. ಸತ್ಯ ಎಂದೊಡನೆ ಕನ್ನಡಿಗರ ಬಾಯಿಗೆ ಬರುವುದು ರಾಘವಾಂಕನ ಹರಿಶ್ಚಂದ್ರ. ಅವನು ಸತ್ಯಕ್ಕಾಗಿ ರಾಜ್ಯ ಕೊಟ್ಟ, ಹೆಂಡತಿ ಮಗನನ್ನು ಮಾರಿದ, ಸುಡುಗಾಡು ಕಾದ. ಎಲ್ಲ ಸರಿ. ಆದರೆ ವಿಶ್ವಾಮಿತ್ರ ಕಳಿಸಿದ ಹೊಲತಿಯರು ಬಂದು ಹಾಡಿ ಕುಣಿದು ಮದುವೆಯಾಗು ಎಂದು ಕೇಳಿದಾಗ ಏನಾಯಿತು? ಅವರ ಹಾಡು ಬೇಕಾಗಿತ್ತು, ಅವರು ಬೇಡವಾದರು. ಅವರನ್ನು ಕೂಡುವುದಕ್ಕಿಂತ ರಾಜ್ಯ ಬಿಡುವುದೇ ಮೇಲೆಂದು ತೋರಿತು ಆ ಸತ್ಯಸಂಧನಿಗೆ. ಆ ಹೆಣ್ಣುಮಕ್ಕಳು ಎದುರು ನಿಂತು ವಾದಿಸುವುದನ್ನು ಬರೆದ ರಾಘವಾಂಕ ದೊಡ್ಡ ಕವಿ. ಆದರೆ ಹರಿಶ್ಚಂದ್ರನ ಸತ್ಯದ ಗಡಿ ಜಾತಿಯ ಬೇಲಿಗೆ ಬಂದು ನಿಂತುಬಿಡುತ್ತದೆ ಎಂಬುದನ್ನು ನಾವು ಹೇಳಲೇಬೇಕು. ಕೊಟ್ಟ ಮಾತಿಗೆ ತಪ್ಪದಿರುವುದೇ ಸತ್ಯವಾದರೆ, ಮನುಷ್ಯರು ಸಮಾನರು ಎಂಬುದು ಯಾವ ಲೆಕ್ಕಕ್ಕೆ ಸೇರಿತು?

ಇದರ ಪಕ್ಕದಲ್ಲಿ ದೇವನೂರ ಮಹಾದೇವರ ‘ಒಡಲಾಳ’ವನ್ನಿಟ್ಟು ಓದಿ. ಸಾಕವ್ವನ ಗುಡಿಸಲಿಗೆ ಸಾಹುಕಾರನ ಕಡಲೆಕಾಯಿ ಮೂಟೆ ಬರುತ್ತದೆ. ಸಂಸಾರವೆಲ್ಲ ಬೆಂಕಿಯ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತದೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಬೆಳಗಾದರೆ ಪೊಲೀಸರು. ಹುಡುಕಿದರೆ ಏನೂ ಇಲ್ಲ. ಶಾಸ್ತ್ರದ ಪ್ರಕಾರ ಅದು ಕಳವು, ಮೇಲೆ ಮರೆಮಾಚಿದ್ದು. ಆದರೆ ಓದುಗ ಆ ರಾತ್ರಿಯನ್ನು ಹಬ್ಬದಂತೆ ಕಾಣುತ್ತಾನೆ. ಲೇಖಕರು ಸುಳ್ಳನ್ನು ಸಮರ್ಥಿಸಿ ಭಾಷಣ ಮಾಡಿಲ್ಲ. ಹಸಿವು ಎಷ್ಟು ಹಳೆಯದೆಂದು ತೋರಿಸಿದ್ದಾರೆ, ಅಷ್ಟೆ. ಹರಿಶ್ಚಂದ್ರನಿಗೆ ಬಿಡಲು ರಾಜ್ಯವಿತ್ತು, ಸಾಕವ್ವನಿಗೆ ಏನಿತ್ತು? ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವಾಗ ಜಾತಿಯ ಹೆಸರು ನುಂಗಿಕೊಳ್ಳುವ ನಮ್ಮ ಹುಡುಗರನ್ನೂ, ಹೆಸರನ್ನು ಮೊಟಕು ಮಾಡಿ ಹೇಳುವ ಮುಸ್ಲಿಂ ಹುಡುಗರನ್ನೂ ಈ ಬೆಳಕಿನಲ್ಲೇ ನೋಡಬೇಕು. ಆ ಸುಳ್ಳಿನ ಕಂದಾಯವನ್ನು ಮನೆ ಮಾಲೀಕನ ಖಾತೆಗೆ ಹಾಕಬೇಕು.

ಹಾಗೆಂದು ವಿನಾಯಿತಿಯ ಬಾಗಿಲನ್ನು ಹಾರು ಹೊಡೆದು ತೆರೆದಿಡಲು ಬರುವುದಿಲ್ಲ. ದುರ್ಬಲರಿಗೆಂದು ತೆರೆದ ಕಿಂಡಿಯಲ್ಲಿ ಬಲಾಢ್ಯರು ನುಗ್ಗುವುದನ್ನು ಮುಸ್ಲಿಂ ಲೇಖಕಿಯರೇ ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಕಾಸರಗೋಡಿನ ನೆಲದಿಂದ ಬಂದ, 2023ರಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ನಾದಿರಾ ಅಪ್ಪನ ಹಟಕ್ಕೆ ಸಿಕ್ಕಿ ಗಂಡ ರಶೀದನಿಂದ ದೂರವಾಗುತ್ತಾಳೆ. ಮತ್ತೆ ಗಂಡನನ್ನು ಸೇರಬೇಕೆಂದರೆ ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ತಲಾಖ್ ಪಡೆದು ಬರಬೇಕೆಂಬ ಕಟ್ಟಳೆ ಎದುರಾಗುತ್ತದೆ. ಅವಳು ಮಸೀದಿಯ ಕೊಳಕ್ಕೆ ಬೀಳುತ್ತಾಳೆ.

ಇಲ್ಲಿ ಸುಳ್ಳು ಯಾವುದು ಎಂದು ಕೇಳಿ. ಬಿಡುವುದಕ್ಕೆಂದೇ ಮಾಡಿಕೊಳ್ಳುವ ಒಂದು ರಾತ್ರಿಯ ನಿಕಾಹ್ ಮೈಯೆಲ್ಲ ಸುಳ್ಳು. ಇಂಥ ಗುತ್ತಿಗೆ ಮದುವೆ ಮಾಡಿಕೊಳ್ಳುವವನನ್ನೂ ಮಾಡಿಸುವವನನ್ನೂ ಪ್ರವಾದಿ ಶಪಿಸಿದ್ದಾರೆಂದು ಹದೀಸ್ ಇದೆ. ಮಾಲಿಕಿ, ಹಂಬಲಿ ಪಂಥಗಳು ಅದನ್ನು ಮದುವೆಯೆಂದೇ ಒಪ್ಪುವುದಿಲ್ಲ. ಗಂಡಹೆಂಡಿರು ಕೂಡಿ ಬಾಳಲಿ ಎಂದು ಮಾತಿನಲ್ಲಿ ಸಡಿಲಿಕೆ ಕೊಟ್ಟ ಧರ್ಮ ಅದು. ಅದರ ಹೆಸರಿನಲ್ಲೇ ಗಂಡಹೆಂಡಿರು ಕೂಡಲು ಹೆಣ್ಣಿನ ಮೈಯನ್ನೇ ಸುಳ್ಳಿಗೆ ಒಡ್ಡಬೇಕೆಂದು ಗಂಡಸರು ಕೂತು ತೀರ್ಮಾನಿಸಿದರು. ಬಾಯಲ್ಲಿ ಹೇಳಿದರೆ ಪಾಪ, ಕಾಗದದ ಮೇಲೆ ಮಾಡಿದರೆ ಶಾಸ್ತ್ರ!

ಬಾನು ಮುಷ್ತಾಕ್ ಬಂಡಾಯದ ಬಳಗದಲ್ಲೇ ಬೆಳೆದ ಹಾಸನದ ಲೇಖಕಿ. ಅವರ ‘ಎದೆಯ ಹಣತೆ’ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದದ್ದನ್ನು ಎಲ್ಲರೂ ಸಂಭ್ರಮಿಸಿದ್ದೇವೆ. 2004ರ ‘ಹಸೀನಾ’ ಚಿತ್ರಕ್ಕೆ ಮೂಲವಾದ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಅಶ್ರಫ್ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕೆ ಕೂರುತ್ತಾಳೆ. ಅಲ್ಲಿಯ ಮುತವಲ್ಲಿಯದು ಬೇರೆ ಜಾತಿಯ ಸುಳ್ಳು. ಗಂಡಿಗೆ ಅನುಕೂಲವಾದ ಭಾಗವನ್ನು ಧರ್ಮವೆಂದು ಓದುತ್ತಾನೆ, ಹೆಣ್ಣಿಗೆ ಕೊಟ್ಟ ಹಕ್ಕಿನ ಭಾಗಕ್ಕೆ ಬಂದಾಗ ಪುಟ ಮಗುಚುತ್ತಾನೆ. ಸಾಕ್ಷಿಯನ್ನು ಬಚ್ಚಿಡಬೇಡಿ ಎಂದು ಕುರಾನ್ ಹೇಳಿದ್ದು ಇಂಥವರಿಗೇ. ಅಮ್ಮಾರ್‌ನ ವಿನಾಯಿತಿಯಲ್ಲಿ ಈತನಿಗೆ ಪಾಲಿಲ್ಲ. ಇವನ ಬೆನ್ನ ಮೇಲೆ ಯಾವ ಬಾಸುಂಡೆಯೂ ಇಲ್ಲ.

ಇಲ್ಲಿಗೆ ನಮಗೊಂದು ಅಳತೆಗೋಲು ಸಿಕ್ಕಿತು ಅನ್ನಿಸುತ್ತದೆ. ಜುಲುಮೆಯ ಕೆಳಗಿದ್ದವನು ಜೀವ ಉಳಿಸಿಕೊಳ್ಳಲು ಹೇಳುವ ಸುಳ್ಳು ಬೇರೆ, ಜುಲುಮೆಯನ್ನು ಉಳಿಸಿಕೊಳ್ಳಲು ಹೇಳುವ ಸುಳ್ಳು ಬೇರೆ. ಆದರೆ ಈ ಕೋಲು ಎಲ್ಲ ಕಡೆಗೂ ಅಳೆಯುತ್ತದೆಯೇ? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ನ್ಯಾಯಾಲಯದಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆಂದವನು ಅಮ್ಮಾರನೋ, ಮುತವಲ್ಲಿಯೋ?

ಇದಕ್ಕೆ ಸಲೀಸಾದ ಉತ್ತರವಿಲ್ಲ. ಅಮ್ಮಾರ್‌ನ ಸುಳ್ಳಿನಿಂದ ಬೇರೆಯವರ ನ್ಯಾಯ ಮುಳುಗಲಿಲ್ಲ, ಸಾಕ್ಷಿಯ ಸುಳ್ಳಿನಿಂದ ಸತ್ತವರ ನ್ಯಾಯ ಮುಳುಗಿತು. ಬಲವಂತಕ್ಕೆ ಸಿಕ್ಕವನಿಗೂ ಇನ್ನೊಬ್ಬ ನಿರಪರಾಧಿಯ ಪ್ರಾಣ ತೆಗೆಯುವ ಅಪ್ಪಣೆಯಿಲ್ಲವೆಂದು ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು ಗಡಿ ಹಾಕಿದ್ದು ಇದೇ ಕಾರಣಕ್ಕೆ. ವಿನಾಯಿತಿ ನನ್ನ ಜೀವ ಉಳಿಸಬಹುದು, ಅದರ ಬೆಲೆಯನ್ನು ಇನ್ನೊಬ್ಬನ ತಲೆಗೆ ಕಟ್ಟಬಾರದು. ಆದರೆ ಅದೇ ಹೊಲ, ಅದೇ ನೀರು, ಅದೇ ಕೂಲಿಗೆ ಮರುದಿನ ಅದೇ ಧಣಿಗಳ ಮುಂದೆ ನಿಲ್ಲಬೇಕಾದವನನ್ನು ಕಟಕಟೆಗೆ ಒಂಟಿಯಾಗಿ ಹತ್ತಿಸಿ ‘ಸತ್ಯ ಹೇಳು’ ಎಂದ ವ್ಯವಸ್ಥೆಗೆ ಅವನನ್ನು ತೂಗುವ ನೈತಿಕ ಹಕ್ಕು ಎಲ್ಲಿದೆ? ದೌರ್ಜನ್ಯ ತಡೆ ಕಾಯ್ದೆ 1989ರದು. ಸಂತ್ರಸ್ತರ, ಸಾಕ್ಷಿಗಳ ಹಕ್ಕುಗಳ ಅಧ್ಯಾಯ ಅದಕ್ಕೆ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಕಾಗದದ ಮೇಲೆ ಅದು ಬರುವ ಹೊತ್ತಿಗೆ ಕಂಬಾಲಪಲ್ಲಿಯ ಬೂದಿ ಆರಿಹೋಗಿತ್ತು.

ಆದ್ದರಿಂದ ಸತ್ಯ ಒಬ್ಬೊಬ್ಬರ ನಾಲಿಗೆಯ ವಿಚಾರ ಮಾತ್ರವಲ್ಲ, ಅದು ಸಂಘಟನೆಯ ವಿಚಾರ. ಸಾಕ್ಷಿಯ ಮನೆಯ ಮುಂದೆ ಹತ್ತು ಜನ ಮಲಗಲು ತಯಾರಿದ್ದರೆ ಅವನ ಬಾಯಲ್ಲಿ ಸತ್ಯ ಬರುತ್ತದೆ. ಅಶ್ರಫಳ ಪಕ್ಕದಲ್ಲಿ ಊರ ಹೆಂಗಸರು ಕೂತರೆ ಮುತವಲ್ಲಿ ಪುಟ ಮಗುಚಲಾರ. ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ನಮ್ಮದೊಂದು ಮನವಿ. ಗೋವಿನ ಹಾಡನ್ನು ಖಂಡಿತ ಪಾಠ ಮಾಡಿ. ಪುಣ್ಯಕೋಟಿ ಮಾತಿಗೆ ತಪ್ಪದೆ ಬಂದಳು, ಹುಲಿ ನಾಚಿ ಪ್ರಾಣ ಬಿಟ್ಟಿತು ಎಂದು ಮಕ್ಕಳಿಗೆ ಹೇಳಿ. ಜೊತೆಗೆ ಇದನ್ನೂ ಹೇಳಿ: ಕಂಬಾಲಪಲ್ಲಿಯಲ್ಲಿ ಯಾವ ಹುಲಿಯೂ ನಾಚಲಿಲ್ಲ. ನಾಚದ ಹುಲಿಯ ಮುಂದೆ ಹಸುವನ್ನು ಒಂಟಿಯಾಗಿ ಕಳಿಸಿದ ದೊಡ್ಡಿಯ ಬಗ್ಗೆ ಮಕ್ಕಳೇ ಯೋಚಿಸಲಿ.